ಬರೆದುದು ಅವರು, ತಿಳಿದುದು ನಾವು

ಕಂಪ್ಲಿಯಲ್ಲಿರುವ ನಮ್ಮ ದೊಡ್ಡಮ್ಮನವರ ಅಡಿಗೆಮನೆಯ ಗೂಡಿನಲ್ಲಿ ಒಂದು ಡಬ್ಬಿಯಿದೆ. ಹಸಿರು ಬಣ್ಣದ್ದು, ಮೇಲೆ ತುಳಸಿಯ ಎಲೆಗಳ ನಡುವೆ ಬಿಳಿಯ ನಿಲುವಂಗಿ ತೊಟ್ಟ ಗೃಹಸ್ಥರೊಬ್ಬರು ನಗುತ್ತ ನಿಂತಿದ್ದಾರೆ. ಅದು ಅಂಚೆಯ ಮೂಲಕ ಮನೆಗೆ ಬಂದಾಗ ಒಳಗೆ ಕಹಿಯಾದ ಒಂದು ಪುಡಿಯಿದ್ದಿತು. ದೊಡ್ಡಮ್ಮನವರಿಗೆ ಸಕ್ಕರೆಯ ಕಾಯಿಲೆ. ಹದಿನೈದು ವರ್ಷಗಳಿಂದ ದಿನಕ್ಕೆರಡು ಮಾತ್ರೆ ನುಂಗುತ್ತ ಬಂದವರು. ಪುಡಿ ಬಂದ ದಿನದಿಂದ ಮಾತ್ರೆಗಳನ್ನು ನಿಲ್ಲಿಸಿಬಿಟ್ಟರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಕ್ಕಳು ಬಯ್ದಾರೆಂಬ ಹೆದರಿಕೆಯೊಂದು, ಪೂರ್ತಿ ಗುಣವಾದ ಮೇಲೆ ಎಲ್ಲರನ್ನೂ ಬೆರಗುಗೊಳಿಸಬೇಕೆಂಬ ಆಸೆಯೊಂದು. ಎರಡು ತಿಂಗಳು ಕಳೆಯಿತು. ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಿಗೆ ಆದ ಸಣ್ಣ ಗಾಯ ಮಾಯದೆ ಕಪ್ಪಗಾದಾಗ ಅವರನ್ನು ಹೊಸಪೇಟೆಗೆ ಕರೆತಂದೆವು. ಬೆರಳನ್ನು ತೆಗೆಯಬೇಕಾಯಿತು.

ಆಸ್ಪತ್ರೆಯ ಮಂಚದ ಬದಿಯಲ್ಲಿ ಕುಳಿತು ನಾನು ಕೇಳಿದೆ:

"ಗುಳಿಗಿ ಯಾಕ ಬಿಟ್ಟಿ ದೊಡ್ಡಮ್ಮಾ?"

"ಪೇಪರ್‌ನಾಗ ಬರದಿದ್ರಪ್ಪಾ, ಈ ಪುಡಿ ತಗಂಡ್ರ ಸಕ್ಕರಿ ಕಾಯ್ಲೆ ಹೋಗ್ತೈತಿ, ಗುಳಿಗಿ ಬ್ಯಾಡ ಅಂತ. ಪೇಪರ್‌ನಾಗ ಸುಳ್ಳು ಹಾಕ್ತಾರೇನು?"

ಆ ಪತ್ರಿಕೆಯ ತುಣುಕನ್ನು ಅವರು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ನಾನು ಬಿಚ್ಚಿ ಓದಿದೆ. ಸಿಟ್ಟಿನಿಂದಲೇ ಓದಿದೆನೆನ್ನಬೇಕು; ಆ ಸುಳ್ಳಿನ ವಾಕ್ಯ ಸಿಕ್ಕಿದರೆ ಅದರ ಕೆಳಗೆ ಕೆಂಪುಗೆರೆ ಎಳೆದು ದೂರು ಕೊಡಬೇಕೆಂಬುದು ನನ್ನ ಆಲೋಚನೆ. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರೂ ಅಂಥ ವಾಕ್ಯವೇ ಅಲ್ಲಿರಲಿಲ್ಲ. ಕಾಯಿಲೆ ಹೋಗುತ್ತದೆಂದು ಬರೆದಿರಲಿಲ್ಲ. ಮಾತ್ರೆಯನ್ನು ಬಿಡಿರೆಂದೂ ಬರೆದಿರಲಿಲ್ಲ. ದೊಡ್ಡಮ್ಮನವರು ಕನ್ನಡಕ ಹಾಕಿಕೊಂಡು ತಾವೂ ಹುಡುಕಿದರು. ಬೆರಳಿಟ್ಟು ಸಾಲುಸಾಲಾಗಿ ನೋಡಿದರು. "ಇಲ್ಲೇ ಇತ್ತಲ್ಲೋ" ಎಂದು ಆ ಕಾಗದವನ್ನು ಹಿಂದುಮುಂದು ತಿರುಗಿಸಿದರು. ಹಿಂಬದಿಯಲ್ಲಿ ಕ್ರಿಕೆಟ್ಟಿನ ಸುದ್ದಿಯಿದ್ದಿತು.

ಆ ತುಣುಕು ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿದ್ದುದು ನಾಲ್ಕು ಮಾತು. ಮೊದಲನೆಯದು, "ಸಕ್ಕರೆಯ ಚಿಂತೆಗೆ ಇಂದೇ ವಿದಾಯ". ವಿದಾಯ ಹೇಳುವುದು ಚಿಂತೆಗೆ, ಕಾಯಿಲೆಗಲ್ಲ. ಆದರೆ ಚಿಂತೆಯನ್ನು ಓದಿ ಚಿಂತೆಯೆಂದೇ ತಿಳಿಯುವ ರೋಗಿ ಎಲ್ಲಿದ್ದಾನೆ? ಎರಡನೆಯದು, "ನೂರಕ್ಕೆ ನೂರು ಗಿಡಮೂಲಿಕೆ". ಇದು ಸತ್ಯವೇ ಇರಬಹುದು. ಕಣಗಿಲೆಯೂ ಗಿಡಮೂಲಿಕೆಯೇ, ಉಮ್ಮತ್ತಿಯೂ ಗಿಡಮೂಲಿಕೆಯೇ. ಗಿಡದಿಂದ ಬಂದುದೆಲ್ಲ ಹಿತವೆಂದು ಅವರು ಹೇಳಲಿಲ್ಲ, ನಾವು ಅಂದುಕೊಂಡೆವು. ಮೂರನೆಯದು, "ಸಾವಿರಾರು ಕುಟುಂಬಗಳ ವಿಶ್ವಾಸ". ವಿಶ್ವಾಸವೇ ಹೊರತು ಆರೋಗ್ಯವಲ್ಲ. ಆ ಸಾವಿರಾರು ಕುಟುಂಬಗಳಲ್ಲಿ ಈಗ ನಮ್ಮ ದೊಡ್ಡಮ್ಮನವರದೂ ಒಂದು. ನಾಲ್ಕನೆಯದನ್ನು ನಾನು ನಿಜಕ್ಕೂ ಮೆಚ್ಚಿದೆ: "30 ದಿನಗಳಲ್ಲಿ ವ್ಯತ್ಯಾಸವನ್ನು ನೀವೇ ಕಾಣುವಿರಿ". ಏನು ವ್ಯತ್ಯಾಸ, ಯಾವುದರಲ್ಲಿ, ಮೇಲಕ್ಕೋ ಕೆಳಕ್ಕೋ? ಒಂದೂ ಇಲ್ಲ. ಮಾತ್ರೆ ಬಿಟ್ಟವರು ಒಂದು ವ್ಯತ್ಯಾಸವನ್ನು ಖಂಡಿತವಾಗಿ ಕಂಡೇ ಕಾಣುತ್ತಾರೆ.

ಇವುಗಳ ಜೊತೆಗೆ ಆ ಬಿಳಿಯ ನಿಲುವಂಗಿ. ಅವರು ವೈದ್ಯರೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೇನಿತ್ತು? ಅಂಗಿ ಸಾಲದೆ?

ಕಾಲೇಜಿನಲ್ಲಿ ಬಿ.ಎ. ತರಗತಿಗೆ ಅಲಂಕಾರಶಾಸ್ತ್ರ ಹೇಳುವುದು ನನ್ನ ಉದ್ಯೋಗ. ಶಬ್ದಕ್ಕೆ ಮೂರು ಶಕ್ತಿಗಳುಂಟು: ಅಭಿಧೆ, ಲಕ್ಷಣೆ, ವ್ಯಂಜನೆ, ಅವುಗಳಿಂದ ಹುಟ್ಟುವ ಅರ್ಥಗಳು ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಮಾತು ಬಾಯಿಬಿಟ್ಟು ಹೇಳದುದನ್ನು ಹೊಳೆಯಿಸುವುದೇ ಧ್ವನಿ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಅದನ್ನೇ ಕಾವ್ಯದ ಆತ್ಮವೆಂದನು. ಅದೇ ಶತಮಾನದ ನಮ್ಮ ಕವಿರಾಜಮಾರ್ಗದಲ್ಲಿಯೂ ಧ್ವನಿಯ ಹೆಸರು ಬರುತ್ತದೆ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮರೆಯುತ್ತಾರೆ. ಈ ಶಾಸ್ತ್ರದಿಂದ ಲೋಕಕ್ಕೇನು ಪ್ರಯೋಜನವೆಂದು ಅವರಲ್ಲೊಬ್ಬನು ಕೇಳಿದಾಗ ನಾನು ತಡವರಿಸಿದುದುಂಟು. ಈಗ ತಡವರಿಸುವುದಿಲ್ಲ. ಆನಂದವರ್ಧನನ ಸಿದ್ಧಾಂತವನ್ನು ಕಾವ್ಯದವರಿಗಿಂತ ನಿಷ್ಠೆಯಿಂದ ಆಚರಣೆಗೆ ತಂದವರು ಜಾಹೀರಾತಿನವರೇ.

ಧ್ವನಿಯು ಓದುಗನ ಮನಸ್ಸಿನಲ್ಲಿ ಪೂರ್ಣವಾಗುವುದೆಂದು ಶಾಸ್ತ್ರ ಹೇಳುತ್ತದೆ. ಕವಿ ಅರ್ಧ ಹೇಳುತ್ತಾನೆ. ಉಳಿದರ್ಧವನ್ನು ಸಹೃದಯನು ತನ್ನ ಅನುಭವದಿಂದ ತುಂಬಿಕೊಳ್ಳುತ್ತಾನೆ. ತಾನೇ ತುಂಬಿಕೊಂಡುದಾದ್ದರಿಂದ ಅದು ಅವನಿಗೆ ಅಷ್ಟೊಂದು ಆಪ್ತವಾಗುತ್ತದೆ. ಜಾಹೀರಾತಿಗೂ ಇಂಥ ಸಹೃದಯನೇ ಬೇಕು. ಆದರೆ ಅವನಲ್ಲಿರಬೇಕಾದುದು ಕಾವ್ಯಾಭ್ಯಾಸವಲ್ಲ, ಒಂದು ಕೊರತೆ. ದೀರ್ಘರೋಗಿಯಷ್ಟು ಒಳ್ಳೆಯ ಸಹೃದಯ ಅದಕ್ಕೆ ಬೇರೆ ಸಿಗಲಾರನು. ಮಗಳ ಮದುವೆಯ ಚಿಂತೆಯ ತಂದೆ, ಮಗನ ಪರೀಕ್ಷೆಯ ಚಿಂತೆಯ ತಾಯಿ, ಸ್ವಂತ ಮನೆಯಿಲ್ಲದ ಗುಮಾಸ್ತ, ಇವರೆಲ್ಲ ಆಮೇಲಿನವರು. ಬಿಟ್ಟ ಸ್ಥಳವನ್ನು ತಾವೇ ತುಂಬಿ, ತಾವು ತುಂಬಿದುದನ್ನು ಮುದ್ರಿತವಾದುದೆಂದೇ ನಂಬುವವರು ಇವರು. ಆದುದರಿಂದಲೇ ದೊಡ್ಡಮ್ಮನವರು ಆ ವಾಕ್ಯವನ್ನು ಅಷ್ಟು ಹುಡುಕಿದುದು. ಅವರು ಸುಳ್ಳು ಹೇಳಲಿಲ್ಲ. ಅವರು ಅದನ್ನು ಓದಿದ್ದರು.

ಕೆಲವು ಕೊರತೆಗಳು ನಮ್ಮಲ್ಲಿ ಮೊದಲೇ ಇರುವುದಿಲ್ಲ. ಅವುಗಳನ್ನೂ ಅವರೇ ಒದಗಿಸುವುದುಂಟು. ಲಿಸ್ಟರೀನ್ ಎಂಬ ದ್ರವ 1879ರಲ್ಲಿ ಹುಟ್ಟಿದ್ದು ಶಸ್ತ್ರಚಿಕಿತ್ಸೆಯ ಉಪಯೋಗಕ್ಕೆ. 1920ರ ದಶಕದಲ್ಲಿ ಅಮೆರಿಕದ ಜಾಹೀರಾತುಗಳು ಬಾಯಿಯ ವಾಸನೆಗೆ ವೈದ್ಯಶಾಸ್ತ್ರದಂತೆ ಕೇಳಿಸುವ ಹೆಸರೊಂದನ್ನು ಹರಡಿ, ವರ ಸಿಗದೆ ಕೊರಗುವ ಕನ್ಯೆಯರ ಕಥೆಗಳನ್ನು ಹೆಣೆದುವು. ದ್ರವ ಮನೆಮನೆಗೂ ಹೋಯಿತು. 1930ರ ದಶಕದ ಹಾರ್ಲಿಕ್ಸ್ ಜಾಹೀರಾತುಗಳು 'ರಾತ್ರಿಯ ಹಸಿವು' ಎಂಬ ಕಾಯಿಲೆಯೊಂದನ್ನೇ ಕಂಡುಹಿಡಿದುವು. ನಿದ್ದೆಯಲ್ಲಿ ಹಸಿದಿದ್ದೇವೆಂದು ಅದಕ್ಕೆ ಮೊದಲು ಯಾರಿಗೂ ತಿಳಿದಿರಲಿಲ್ಲ. ನಮ್ಮ ದೇಶದಲ್ಲಿ 1975ರಿಂದ ಫೇರ್ ಅಂಡ್ ಲವ್ಲಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಮುಲಾಮು 2020ರಲ್ಲಿ 'ಫೇರ್' ಎಂಬ ಶಬ್ದವನ್ನು ಬಿಟ್ಟು 'ಗ್ಲೋ' ಎಂಬುದನ್ನು ಸೇರಿಸಿಕೊಂಡಿತು. ನಲವತ್ತೈದು ವರ್ಷ ಕೇಳಿದವರ ಕಿವಿಗೆ ಬಿಟ್ಟ ಶಬ್ದವೂ ಕೇಳಿಸುತ್ತಲೇ ಇರುತ್ತದೆ.

ಹೊಸಪೇಟೆಗೆ ಬರೋಣ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ನಮ್ಮ ಊರು ಜಿಲ್ಲಾಕೇಂದ್ರವಾದ ಮೇಲೆ ನಿವೇಶನಗಳ ಜಾಹೀರಾತುಗಳಿಗೆ ಸುಗ್ಗಿ. ನಾಲ್ಕು ಕಲ್ಲುಕಂಬ ನೆಟ್ಟಿರುವ ಜೋಳದ ಹೊಲವೂ "ಜಿಲ್ಲಾಕೇಂದ್ರದ ಹೃದಯಭಾಗ"ವೇ. ಮೊನ್ನೆ ನನ್ನ ಕೈಗೆ ಬಂದ ಕರಪತ್ರದಲ್ಲಿ "ತುಂಗಭದ್ರೆಯ ಮಡಿಲಲ್ಲಿ ನಿಮ್ಮ ಕನಸಿನ ಮನೆ" ಎಂದಿದ್ದಿತು. ಓದಿದೊಡನೆ ನನಗೆ ನಗು ಬಂದಿತು. ಲಕ್ಷಣೆಗೆ ಶಾಸ್ತ್ರಕಾರರು ತಲೆತಲಾಂತರದಿಂದ ಕೊಡುತ್ತ ಬಂದಿರುವ ಉದಾಹರಣೆ 'ಗಂಗೆಯಲ್ಲಿ ಹಟ್ಟಿ' ಎಂಬುದು. ಹರಿಯುವ ನೀರಿನಲ್ಲಿ ಹಟ್ಟಿಯಿರುವುದು ಸಾಧ್ಯವಿಲ್ಲ. ಆದುದರಿಂದ ದಡದಲ್ಲಿ ಎಂದು ತಿಳಿಯಬೇಕು. ಹಾಗಾದರೆ ದಡವೆಂದೇ ಹೇಳದೆ ಗಂಗೆಯೆಂದುದೇಕೆ? ಗಂಗೆಯ ತಂಪನ್ನೂ ಪಾವಿತ್ರ್ಯವನ್ನೂ ಹಟ್ಟಿಗೆ ಅಂಟಿಸುವುದಕ್ಕಾಗಿ. ನಮ್ಮ ಕರಪತ್ರದವರು ಈ ಪಾಠವನ್ನು ಯಾವ ಕಾಲೇಜಿನಲ್ಲಿ ಓದಿದರೋ ತಿಳಿಯದು. ನದಿಯ ತಂಪನ್ನು ಚದರಡಿಯ ಲೆಕ್ಕದಲ್ಲಿ ಮಾರುತ್ತಿದ್ದಾರೆ.

ಅದರಲ್ಲಿಯೇ "ವಿಶ್ವಪರಂಪರೆಯ ಹಂಪಿಗೆ ಕೇವಲ 10 ನಿಮಿಷ" ಎಂದೂ ಇತ್ತು. ಹತ್ತು ನಿಮಿಷ ಯಾವ ವಾಹನದಲ್ಲಿ, ಯಾವ ಹೊತ್ತಿನಲ್ಲಿ ಎಂಬ ಮಾತನ್ನು ಬಿಡೋಣ. ಹಂಪಿ 1986ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿಯೂ ಇತ್ತು. ಅದರ ರಕ್ಷಣೆಗೆಂದು ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೆಂಬುದಿದೆ. ಸುತ್ತಣ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಎಲ್ಲಿ ಏನು ಕಟ್ಟಬಹುದೆಂಬುದನ್ನು ಅದು ಕಟ್ಟುಪಾಡಿನಲ್ಲಿ ಇಟ್ಟಿದೆ. ಹಂಪಿಗೆ ಹತ್ತಿರವಾದಷ್ಟೂ ಮನೆಕಟ್ಟುವ ಸ್ವಾತಂತ್ರ್ಯ ಕಡಿಮೆ. ಕರಪತ್ರದವರು ಸಾಮೀಪ್ಯವನ್ನು ಹೇಳಿದರು, ಸಾಮೀಪ್ಯದ ಫಲವನ್ನು ಹೇಳಲಿಲ್ಲ. ಹೇಳಿದುದೆಲ್ಲ ಸತ್ಯ, ಆರಿಸಿ ಹೇಳಿದುದರಲ್ಲಿ ಮೋಸ. ಕೊಳ್ಳುವವನು ಕೇಳಬೇಕಾದುದು ನಿವೇಶನ ಹಂಪಿಗೆ ಎಷ್ಟು ದೂರವೆಂದಲ್ಲ, ಯಾವ ವಲಯದಲ್ಲಿದೆ, ಅನುಮತಿಯ ಪತ್ರವೆಲ್ಲಿ ಎಂದು.

ಇನ್ನು ಕಲ್ಲಿನ ರಥ. 2017ರಲ್ಲಿ ಹೊಸ 50 ರೂಪಾಯಿಯ ನೋಟಿನ ಮೇಲೆ ಬಂದ ಮೇಲಂತೂ ಅದಕ್ಕೆ ವಿರಾಮವೇ ಇಲ್ಲ. ನಮ್ಮ ಊರಿನ ಬೇಕರಿಯ ಹಲಗೆಯ ಮೇಲೆ, ಡ್ರೈವಿಂಗ್ ಶಾಲೆಯ ಮೇಲೆ, ಸಿಮೆಂಟಿನ ಅಂಗಡಿಯ ಮೇಲೆ, ಹಲ್ಲಿನ ಆಸ್ಪತ್ರೆಯ ಮೇಲೆ ಅದು ನಿಂತಿದೆ. ರಥಕ್ಕೂ ಹಲ್ಲಿಗೂ ಏನು ಸಂಬಂಧ? ಸಂಬಂಧವಿದೆಯೆಂದು ಯಾರೂ ಹೇಳಿಲ್ಲ. ಪಕ್ಕದಲ್ಲಿ ಇಟ್ಟಿದ್ದಾರೆ, ಅಷ್ಟೆ. ಐನೂರು ವರ್ಷ ನಿಂತ ಕಲ್ಲಿನ ಗಟ್ಟಿತನ ನಮ್ಮ ಕಣ್ಣಿನ ಮೂಲಕ ಸಿಮೆಂಟಿಗೆ ಹರಿದುಹೋಗುತ್ತದೆ. (ಅದು ರಥವೇ ಅಲ್ಲ, ವಿಠ್ಠಲನ ಎದುರಿನ ಗರುಡನ ಗುಡಿ ಎಂಬುದನ್ನು ಪ್ರವಾಸಿಗಳಿಗೆ ಹೇಳಿ ಹೇಳಿ ನಾನು ಸೋತಿದ್ದೇನೆ.) ಹಂಪಿಯಲ್ಲಿ ಕಂಡ ಕೈಚೀಲವೊಂದರ ಚೀಟಿಯ ಮೇಲೆ "ಸಂಡೂರು ಲಂಬಾಣಿ ಶೈಲಿ" ಎಂದಿದ್ದಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯುಂಟು. ಆ ಹೆಣ್ಣುಮಕ್ಕಳು ಕನ್ನಡಿಯ ಚೂರುಗಳನ್ನು ಒಂದೊಂದಾಗಿ ಕೂರಿಸಿ ಹೊಲಿಯುವುದನ್ನು ನೋಡಿದವರು ಅದರ ಬೆಲೆಯನ್ನು ಬಲ್ಲರು. ಚೀಲದ ಮೇಲಿದ್ದುದು ಅಚ್ಚೊತ್ತಿದ ಚಿತ್ರ. 'ಶೈಲಿ' ಎಂಬ ಎರಡಕ್ಷರ ಅದನ್ನು ಸುಳ್ಳಿನಿಂದ ಕಾಪಾಡಿತ್ತು. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು ಅಂಗುಲದಷ್ಟು ಕೂತಿರುವ ಗೋಡೆಯೊಂದರ ಮೇಲೆ "ಹಸಿರೇ ಉಸಿರು" ಎಂಬ ಬರಹವನ್ನು ಕಂಡೆ. ಅದರ ಅರ್ಥವನ್ನು ವಿವರಿಸಲು ಮಾತ್ರ ಆನಂದವರ್ಧನನೇ ಬರಬೇಕು.

ಈ ವಿದ್ಯೆಯೆಲ್ಲ ಪರದೇಶದಿಂದ ನಿನ್ನೆ ಬಂದುದೆಂದು ತಿಳಿಯಬೇಕಾಗಿಲ್ಲ. ನಾವು ಬದುಕುತ್ತಿರುವುದೇ ಒಂದು ದೊಡ್ಡ ಪ್ರಚಾರದ ಅವಶೇಷಗಳ ನಡುವೆ. ವಿಜಯನಗರದ ಅರಸರ ಶಾಸನಗಳನ್ನು ಓದಿದವರಿಗೆ ಅವರ ಬಿರುದುಗಳ ಮೆರವಣಿಗೆ ಗೊತ್ತು: ಅರಿರಾಯವಿಭಾಡ, ಭಾಷೆಗೆ ತಪ್ಪುವ ರಾಯರ ಗಂಡ, ಪೂರ್ವಪಶ್ಚಿಮಸಮುದ್ರಾಧೀಶ್ವರ. ದಾನಕೊಟ್ಟ ವಿಷಯ ಕೆಲವೇ ಸಾಲು; ಬಿರುದುಗಳು ಅದಕ್ಕಿಂತ ಉದ್ದ. ವಿರೂಪಾಕ್ಷನ ರಂಗಮಂಟಪದ ಮುಂದೆ, ಬಂದವರೆಲ್ಲ ನೋಡಲೇಬೇಕಾದ ಸ್ಥಳದಲ್ಲಿ, ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನ ನಿಂತಿದೆ. ಉದಯಗಿರಿಯನ್ನು ಗೆದ್ದ ಮೇಲೆ ಆ ಅರಸನು ಅಲ್ಲಿಯ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದು ದೇವಾಲಯ ಕಟ್ಟಿಸಿದನು. ಕೋಟೆ ಗೆದ್ದ ಸುದ್ದಿಯನ್ನು ಜನ ಮರೆತಾರು. ಕೈಮುಗಿದು ಬಂದ ದೇವರನ್ನು ಮರೆಯಲಾರರು. ಭಕ್ತಿಯೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಭಕ್ತಿಯ ಪಕ್ಕದಲ್ಲಿ ಗೆಲವನ್ನು ಇಟ್ಟರು, ಅಷ್ಟೆ. 1565ರ ಸೋಲಿನ ಅನಂತರ ಅರವೀಡು ಮನೆತನದವರು ಪೆನುಗೊಂಡೆ, ಚಂದ್ರಗಿರಿಗಳಿಂದ ಆಳುತ್ತ, ರಾಜ್ಯ ಕರಗುತ್ತಿದ್ದಾಗಲೂ ದೊಡ್ಡ ದೊಡ್ಡ ಬಿರುದುಗಳನ್ನು ಬಿಡಲಿಲ್ಲ. ಸರಕು ತೀರಿದ ಮೇಲೂ ಅಂಗಡಿಯ ಫಲಕವನ್ನು ಇಳಿಸದವರು ಇಂದಿಗೂ ಇದ್ದಾರೆ.

1937ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಚಾರವನ್ನು ವಿಶ್ಲೇಷಿಸುವುದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಯುರೋಪಿನಲ್ಲಿ ಸರ್ವಾಧಿಕಾರಿಗಳ ಗಂಟಲು ಮೇಲೇರುತ್ತಿದ್ದ ಕಾಲ ಅದು. ಶಾಲೆಯ ಮಕ್ಕಳಿಗೂ ತಿಳಿಯುವಂತೆ ಅವರು ಪ್ರಚಾರದ ಏಳು ಉಪಾಯಗಳಿಗೆ ಹೆಸರಿಟ್ಟರು: ಕೆಟ್ಟ ಹೆಸರು ಹಚ್ಚುವುದು, ಮಿನುಗುವ ಪೊಳ್ಳು ಮಾತು, ಒಂದರ ಗೌರವವನ್ನು ಇನ್ನೊಂದಕ್ಕೆ ದಾಟಿಸುವುದು, ದೊಡ್ಡವರ ಸಾಕ್ಷಿ, 'ನಾನೂ ನಿಮ್ಮವನೇ' ಎಂಬ ಸೋಗು, ಬೇಕಾದುದನ್ನಷ್ಟೇ ಜೋಡಿಸುವುದು, 'ಎಲ್ಲರೂ ಬಂದರು, ನೀವೂ ಬನ್ನಿ' ಎಂಬ ಕರೆ. ಸಂಸ್ಥೆ 1942ರಲ್ಲಿಯೇ ನಿಂತುಹೋಯಿತು. ಯುದ್ಧದ ಕಾಲದಲ್ಲಿ ಎಲ್ಲ ಸರಕಾರಗಳಿಗೂ ಪ್ರಚಾರ ಬೇಕಾಗುತ್ತದೆ. ಪಟ್ಟಿ ಉಳಿಯಿತು. ನಮ್ಮ ಹಲ್ಲಿನ ಆಸ್ಪತ್ರೆಯ ರಥ ಮೂರನೆಯ ಉಪಾಯ. ದೊಡ್ಡಮ್ಮನವರ ಸಾವಿರಾರು ಕುಟುಂಬಗಳು ಏಳನೆಯದು.

ಇವುಗಳಲ್ಲಿ ಸಾಕ್ಷಿಯ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿ ನಮ್ಮ ಪ್ರೀತಿಯೇ ನಮಗೆ ಅಡ್ಡಬರುತ್ತದೆ. ಡಾ. ರಾಜ್‌ಕುಮಾರ್ ಅವರು ಸಂಭಾವನೆ ಪಡೆಯದೆ ನಂದಿನಿ ಹಾಲಿನ ಪ್ರಚಾರ ಮಾಡಿದರು. ಪುನೀತ್ ರಾಜ್‌ಕುಮಾರ್ ಅವರೂ ತಂದೆಯ ದಾರಿಯನ್ನೇ ಹಿಡಿದರು. 2022ರಲ್ಲಿ ಪುನೀತರ ಪ್ರತಿಮೆಯನ್ನು ನಿಲ್ಲಿಸಿದ ಊರು ನಮ್ಮದು. ಆ ಹೆಸರಿನ ಎದುರು ಇಲ್ಲಿ ಯಾರೂ ವಾದಮಾಡುವುದಿಲ್ಲ. ನನ್ನ ಮನೆಯಲ್ಲಿಯೂ ನಂದಿನಿ ಹಾಲೇ. ಆದರೂ ಹಾಲಿನ ಕೊಬ್ಬಿನ ಅಂಶವೆಷ್ಟೆಂಬುದಕ್ಕೆ ಪ್ಯಾಕೆಟ್ಟಿನ ಮೇಲಿನ ಅಂಕೆಯೇ ಪ್ರಮಾಣ, ನಟನ ಮುಗುಳ್ನಗೆಯಲ್ಲ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ ರಾಜ್ಯದಲ್ಲೆಲ್ಲ ಕೋಲಾಹಲವಾಯಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ನಮ್ಮ ಸಾಬೂನಿಗೆ ಕನ್ನಡದ ನಟಿ ಸಿಗಲಿಲ್ಲವೆ ಎಂಬುದು ಜನರ ಪ್ರಶ್ನೆ. ಆ ನೋವು ನನಗೂ ಅರ್ಥವಾಗುತ್ತದೆ. ಆದರೆ ಯಾವ ನಟಿಯೇ ಆಗಲಿ, ಸಾಬೂನಿನ ಗುಣಕ್ಕೆ ಹೇಗೆ ಸಾಕ್ಷಿಯಾದಾಳೆಂದು ಕೇಳಿದವರು ಕಡಿಮೆ.

ನಮ್ಮ ನ್ಯಾಯಶಾಸ್ತ್ರದವರು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪಿದರು, ನಿಜ. ಆದರೆ ಆಪ್ತನೆಂದರೆ ನಮಗೆ ಪ್ರಿಯನಾದವನೆಂದಲ್ಲ. ವಿಷಯವನ್ನು ತಾನು ಚೆನ್ನಾಗಿ ತಿಳಿದಿರಬೇಕು, ತಿಳಿದುದನ್ನು ತಿಳಿದಂತೆಯೇ ಹೇಳುವ ಇಚ್ಛೆಯುಳ್ಳವನಾಗಿರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಗಳು, ಪ್ರಚಾರಕ್ಕೆ ನಿಲ್ಲುವವರ ಮಾತು ಪ್ರಾಮಾಣಿಕವಾಗಿರಬೇಕು, ಸಾಕಷ್ಟು ಮಾಹಿತಿಯ ಅಥವಾ ಅನುಭವದ ಆಧಾರ ಅದಕ್ಕಿರಬೇಕು ಎನ್ನುತ್ತವೆ. ಶಾಸ್ತ್ರಕಾರರು ಹೇಳಿದ ಆಪ್ತಲಕ್ಷಣವೇ ಅಲ್ಲವೆ ಇದು? ಅದೇ ಮಾರ್ಗಸೂಚಿಗಳಲ್ಲಿ ಕನ್ನಡಿಗರು ನೆನಪಿಡತಕ್ಕ ಇನ್ನೊಂದು ಮಾತಿದೆ: ಯಾವ ಭಾಷೆಯಲ್ಲಿ ಆಸೆ ತೋರಿಸಿದರೋ ಆ ಭಾಷೆಯಲ್ಲಿಯೇ ನಿಬಂಧನೆಯನ್ನೂ ಬರೆಯಬೇಕು. ಕನ್ನಡದಲ್ಲಿ 'ಉಚಿತ' ಎಂದು ಕೂಗಿ, ಕೆಳಗೆ ನಕ್ಷತ್ರದ ಗುರುತಿಟ್ಟು, ಇರುವೆಯಂಥ ಇಂಗ್ಲಿಷಿನಲ್ಲಿ 'ಆದರೆ' ಎನ್ನುವುದು ಕ್ರಮವಲ್ಲ.

ಕಾಯಿದೆಯೇ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ದೊಡ್ಡಮ್ಮನವರ ಪ್ರಕರಣದ ಅನಂತರ ವಕೀಲ ಸ್ನೇಹಿತರೊಬ್ಬರು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಣೀಯ ಜಾಹೀರಾತು ಕಾಯಿದೆಯನ್ನು ತೋರಿಸಿದರು. ಅದರ ಅನುಸೂಚಿಯಲ್ಲಿ 54 ಕಾಯಿಲೆಗಳ ಹೆಸರುಗಳಿವೆ. ಸಕ್ಕರೆಯ ಕಾಯಿಲೆ ಅವುಗಳಲ್ಲೊಂದು. ಅವುಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದು ಅಪರಾಧ. ನನ್ನನ್ನು ಬೆರಗುಗೊಳಿಸಿದುದು ಇಷ್ಟಲ್ಲ. ಗುಣವಾಗುತ್ತದೆಂದು 'ಹೇಳುವ' ಜಾಹೀರಾತನ್ನು ಮಾತ್ರವಲ್ಲ, ಹಾಗೆಂದು 'ಸೂಚಿಸುವ' ಜಾಹೀರಾತನ್ನೂ ಆ ಕಾಯಿದೆ ನಿಷೇಧಿಸುತ್ತದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಔಷಧದ ವಿಚಾರದಲ್ಲಿ ತಪ್ಪು ಭಾವನೆ ಹುಟ್ಟಿಸುವುದನ್ನೂ ಅದು ತಡೆಯುತ್ತದೆ. ಎಪ್ಪತ್ತು ವರ್ಷಗಳ ಹಿಂದೆ ದಿಲ್ಲಿಯಲ್ಲಿ ಕುಳಿತು ಕಾಯಿದೆ ಬರೆದವರಿಗೆ ಧ್ವನಿ ಎಂದರೇನೆಂಬುದು ಚೆನ್ನಾಗಿ ತಿಳಿದಿತ್ತು! ತಿಳಿದಿದ್ದೂ ನಡೆದುದೇನೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. 2024ರ ಏಪ್ರಿಲ್ ತಿಂಗಳಲ್ಲಿ ಪತಂಜಲಿ ಸಂಸ್ಥೆಯವರು ಸುಪ್ರೀಂ ಕೋರ್ಟಿನ ಎದುರು, ತಮ್ಮ ಜಾಹೀರಾತುಗಳ ವಿಷಯವಾಗಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿದ್ದೇವೆಂದು ಹೇಳಿದಾಗ, ಕ್ಷಮಾಪಣೆಯ ಅಳತೆ ನೀವು ಕೊಡುತ್ತಿದ್ದ ಜಾಹೀರಾತುಗಳ ಅಳತೆಯಷ್ಟೇ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ಮುದ್ರಿತ ಮಾತಿನ ತೂಕ ಅದರ ಅಳತೆಯಲ್ಲಿಯೂ ಇರುವುದೆಂಬುದನ್ನು ಬಲ್ಲ ಪ್ರಶ್ನೆಯದು.

ನ್ಯಾಯಾಲಯದವರೆಗೆ ಹೋಗುವ ಶಕ್ತಿ ದೊಡ್ಡಮ್ಮನವರಿಗಿಲ್ಲ. ನಿಜ ಹೇಳಬೇಕೆಂದರೆ ನನಗೂ ಇಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಿದ್ದಾಗಿದೆ. ನಾನು ಮಾಡಿದ ಇನ್ನೊಂದು ಕೆಲಸವೆಂದರೆ ತರಗತಿಯ ಪಾಠವನ್ನು ಬದಲಾಯಿಸಿದ್ದು. ಧ್ವನಿಯ ಪಾಠ ಮುಗಿದ ದಿನ ಪ್ರತಿಯೊಬ್ಬರೂ ಒಂದು ಜಾಹೀರಾತನ್ನು ತರಬೇಕೆಂದು ಹೇಳುತ್ತೇನೆ. ಕಾಗದದ ನಡುವೆ ಗೆರೆ ಎಳೆದು, ಎಡಗಡೆ ಬರೆದಿರುವುದನ್ನು, ಬಲಗಡೆ ತಾವು ತಿಳಿದುಕೊಂಡುದನ್ನು ಬರೆಯಬೇಕು. ಬಲಗಡೆಯ ಬರಹ ಎಡಗಡೆಯದಕ್ಕಿಂತ ಉದ್ದವಾಗದ ಕಾಗದವನ್ನು ಇದುವರೆಗೆ ನಾನು ಕಂಡಿಲ್ಲ. ಕಂಪ್ಲಿಯ ಕಡೆಯ ರೈತನ ಮಗಳೊಬ್ಬಳು ಅಕ್ಕಿಯ ಚೀಲದ ಮೇಲಿನ "ರೇಷ್ಮೆಯಂಥ ಪಾಲಿಶ್" ಎಂಬುದನ್ನು ತಂದಿದ್ದಳು. ಬಲಗಡೆ ಅವಳು ಬರೆದುದು: 'ಶುದ್ಧ, ಶ್ರೇಷ್ಠ, ಶ್ರೀಮಂತರ ಅಕ್ಕಿ.' ಅದರ ಕೆಳಗೆ ತಾನಾಗಿಯೇ ಇನ್ನೊಂದು ಸಾಲು ಸೇರಿಸಿದ್ದಳು: 'ತೌಡಿನೊಂದಿಗೆ ಸತ್ವ ಹೋಯಿತು; ಅದನ್ನು ನಮ್ಮ ಮನೆಯ ಎಮ್ಮೆ ತಿನ್ನುತ್ತದೆ.' ಅಕ್ಕಿಯನ್ನು ಹೆಚ್ಚು ಹೊಳಪಿಸಿದಷ್ಟೂ ಅದರ ಬಿ1 ಜೀವಸತ್ವ ಕಳೆಯುತ್ತದೆ. ನಷ್ಟವನ್ನೇ ಗುಣವೆಂದು ಅಚ್ಚುಹಾಕಿರುವುದನ್ನು ಎಮ್ಮೆ ಕಾಯ್ದವಳು ಕಂಡುಹಿಡಿದಳು, ಎಂ.ಎ. ಓದಿದ ನಾನು ಕಂಡಿರಲಿಲ್ಲ.

ನಾನು ಈ ವಿದ್ಯೆಯಲ್ಲಿ ಪಾರಂಗತನೆಂದು ವಾಚಕರು ಭಾವಿಸಬಾರದು. "ಕೊನೆಯ 3 ದಿನ" ಎಂಬ ಫಲಕ ನೋಡಿ ಕಾಲೇಜಿನಿಂದ ಓಡುತ್ತ ಹೋಗಿ ಮಿಕ್ಸಿ ತಂದವನು ನಾನು. ಆ ಫಲಕ ದೀಪಾವಳಿಯವರೆಗೂ ಅಲ್ಲಿಯೇ ಇತ್ತು. ಅದನ್ನು ದಾಟುವಾಗಲೆಲ್ಲ ನನ್ನ ಹೆಂಡತಿ ನನ್ನ ಮುಖವನ್ನು ನೋಡುತ್ತಿದ್ದಳು, ಮಾತಾಡುತ್ತಿರಲಿಲ್ಲ, ಅದೂ ಧ್ವನಿಯೇ. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡಬೇಕು. ನೀವು ಓದುತ್ತಿರುವ ಈ ಪುಟದ ಎದುರಿಗೇ ಒಂದು ಜಾಹೀರಾತು ಇರಬಹುದು, ಮತ್ತು ನನ್ನ ಸಂಭಾವನೆಯ ಒಂದಂಶ ಅದರಿಂದಲೇ ಬರುತ್ತಿರಬಹುದು. ಸಂಪಾದಕರು ಕ್ಷಮಿಸಲಿ, ಅದಕ್ಕೂ ಒಂದು ಗೆರೆ ಎಳೆದು ನೋಡಿರಿ.

ಕಳೆದ ಭಾನುವಾರ ಕಂಪ್ಲಿಗೆ ಹೋಗಿದ್ದೆ. ದೊಡ್ಡಮ್ಮನವರು ಊರುಗೋಲು ಬಿಟ್ಟು ನಡೆಯುತ್ತಿದ್ದಾರೆ. ಮಾತ್ರೆಗಳು ಊಟದ ತಟ್ಟೆಯ ಪಕ್ಕದಲ್ಲಿಯೇ ಇರುತ್ತವೆ. ಹಸಿರು ಡಬ್ಬಿಯನ್ನು ಬಿಸಾಡಿಲ್ಲ. ಮುಚ್ಚಳ ಗಟ್ಟಿಯಾಗಿದೆಯೆಂದು ಅದರಲ್ಲಿ ಸಾಸಿವೆ ತುಂಬಿದ್ದಾರೆ. ನಿಲುವಂಗಿಯ ಗೃಹಸ್ಥರು ಇನ್ನೂ ನಗುತ್ತಿದ್ದಾರೆ. ನಾವು ಮಾತಾಡುತ್ತಿದ್ದಾಗ ಪಕ್ಕದ ಮನೆಯಾಕೆ ಒಂದು ಬಣ್ಣದ ಕರಪತ್ರ ಹಿಡಿದುಕೊಂಡು ಬಂದರು. ಮಗಳನ್ನು ನೀಟ್ ಪರೀಕ್ಷೆಯ ಕೋಚಿಂಗಿಗೆ ಸೇರಿಸಬೇಕಂತೆ. ಕರಪತ್ರದ ತುಂಬ ನಗುವ ಮಕ್ಕಳ ಭಾವಚಿತ್ರಗಳು, ಒಬ್ಬೊಬ್ಬರ ಕೆಳಗೂ ಅಂಕಗಳು. ಲಕ್ಷ ರೂಪಾಯಿಗೂ ಮೀರಿದ ಶುಲ್ಕಕ್ಕೆ ಬಳೆಗಳನ್ನು ಅಡವಿಡುವ ಯೋಚನೆಯಲ್ಲಿದ್ದರು ಆಕೆ.

ಇಂಥ ಭಾವಚಿತ್ರಗಳ ವಿಷಯ ನನಗೆ ಸ್ವಲ್ಪ ಗೊತ್ತಿತ್ತು. ಗೆದ್ದವರು ತಮ್ಮಲ್ಲಿ ಓದಿದುದು ಯಾವ ತರಗತಿಯಲ್ಲಿ, ಎಷ್ಟು ದಿನ ಎಂಬುದನ್ನು ಮುಚ್ಚಿಟ್ಟುದಕ್ಕಾಗಿ ಕೋಚಿಂಗ್ ಸಂಸ್ಥೆಗಳಿಗೆ ಗ್ರಾಹಕ ಪ್ರಾಧಿಕಾರ ದಂಡ ಹಾಕಿದೆ. 2024ರ ನವೆಂಬರಿನಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಮಾರ್ಗಸೂಚಿಗಳನ್ನೂ ಹೊರಡಿಸಿದೆ. ಅದನ್ನೆಲ್ಲ ವಿವರಿಸಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ದೊಡ್ಡಮ್ಮನವರು ಕರಪತ್ರವನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು. ಹಿಂದೆ ತಿರುಗಿಸಿ ಅಲ್ಲಿಯೂ ಓದಿದರು.

"ಪಾಸಾದ ಹುಡುಗ್ರು ಇಪ್ಪತ್ನಾಕು ಮಂದಿ ಅದಾರವ್ವಾ" ಎಂದರು. "ಸೇರಿದೋರು ಎಷ್ಟು ಮಂದಿ ಅಂತ ಬರದಿಲ್ಲಲ್ಲ. ಕೇಳ್ಕಂಡು ಬಾ ಹೋಗು."